ಹೆಸರಿಲ್ಲದವರು ಬರೆದ ಸುದ್ದಿ

ಧಾರವಾಡದ ಕಡೆಯ ಶಿವಬಸವ್ವ ಮರಾಠಿ ಸೀಮೆಯ ಕಾತ್ರಜದಲ್ಲಿ ಖಾನಾವಳಿ ಇಟ್ಟು ಬಹಳ ವರ್ಷಗಳಾಗಿದ್ದವು. ಗಂಡ ತೀರಿದ ಮೇಲೆ ಗಿರಾಕಿಗಳೇ ಅವಳ ಬಳಗ. ಮೊನ್ನೆ, ಯಾರು ನಡೆಸುತ್ತಾರೆಂದೇ ತಿಳಿಯದ ಸುದ್ದಿತಾಣವೊಂದು ಅವಳ ಅಂಗಡಿಯ ಫೋಟೊ ಹಾಕಿ, ‘ಪರಪ್ರಾಂತದವರು ಊಟದಲ್ಲಿ ವಿಷ ಬೆರೆಸುತ್ತಾರೆ’ ಎಂದು ಬರೆಯಿತು. ಅದು ಮೊಬೈಲಿನಿಂದ ಮೊಬೈಲಿಗೆ ಹಬ್ಬಿ, ಊಟಕ್ಕೆ ಬರುವವರು ನಿಂತೇಹೋದರು. ಬರೆದವರ ಹೆಸರೇ ಇಲ್ಲದಿರುವಾಗ ಯಾರೊಡನೆ ಜಗಳವಾಡುವುದು?

ಪಕ್ಕದ ಮನೆಯ ಗೆಳತಿ ಅಂಬಾ ಕೂಡ ಹೊಸ್ತಿಲಲ್ಲೇ ನಿಂತು ಮರಾಠಿಯಲ್ಲಿ, “ನಾನು ನಂಬೋದಿಲ್ಲ, ಆದರೆ ಮನೆಯಲ್ಲಿ ಬೇಡ ಅಂತಾರೆ,” ಎಂದಳು.

ಅವಳೊಂದಿಗೆ ಸದಾ ಮರಾಠಿಯಲ್ಲೇ ಮಾತಾಡುತ್ತಿದ್ದ ಶಿವಬಸವ್ವನ ಬಾಯಿಂದ ಅರಿವಿಲ್ಲದೆ ಕನ್ನಡ ಬಂತು: “ನೀನರ ಒಂದ್ ತುತ್ತು ಉಂಡು ಹೋಗ, ಯವ್ವಾ.”

ಅಂಬಾಗೆ ಅರ್ಥವಾಗಲಿಲ್ಲ. ತಲೆ ತಗ್ಗಿಸಿ ಹೊರಟುಹೋದಳು. ಶಿವಬಸವ್ವ ಒಲೆ ಆರಿಸಿ, ಮಾಡಿದ್ದನ್ನು ತಟ್ಟೆಗೆ ಬಡಿಸಿಕೊಂಡು ಒಬ್ಬಳೇ ಉಣ್ಣಲು ಕುಳಿತಳು.