ಪರದೇಶಿ ಇಜಾಬೆಲ್

ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಜನದವಳು, ಹಳಿಯಾಳದ ಕಡೆಯ ಹೆಣ್ಣುಮಗಳು ಇಜಾಬೆಲ್ ಸುಲಭಕ್ಕೆ ಹೆದರುವವಳಲ್ಲ. ಮುಂಡಗೋಡದ ಸಂತೆಯಲ್ಲಿ ಯಾರಾದರೂ ಅವಳ ಗುಂಗುರು ಕೂದಲು ನೋಡಿ, "ಏ ಆಫ್ರಿಕಾ!" ಎಂದು ಕೂಗಿದರೆ, "ಟಿಕೀಟು ನಿಮ್ಮಪ್ಪ ತಗಸ್ಯಾನೇನು?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳೂ ಎಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಕಂಗಾಲಾದಳು.

ಮುಂಡಗೋಡದ ಹತ್ತಿರ ವಿಶ್ವವಿದ್ಯಾಲಯದ ಭತ್ತದ ಪ್ರಯೋಗದ ಗದ್ದೆಯಿತ್ತು. ಅಲ್ಲಿ ವರ್ಷಗಟ್ಟಲೆ ದಿನಗೂಲಿಗೆ ದುಡಿದ ಅವಳಿಗೆ ಈಗ ನೌಕರಿ ಖಾಯಂ ಆಗುವುದಿತ್ತು. ಆದರೆ ಅದಕ್ಕೆ ಮೊದಲು ಸಾಹೇಬರೊಬ್ಬರು ಬಂದು, ಪರದೇಶದ ಸಂಬಂಧ ಇದೆಯೇ ಎಂದು ಎಲ್ಲರನ್ನೂ ಕೇಳುತ್ತಾರಂತೆ. ಅವಳ ಜೊತೆ ಕಳೆ ಕೀಳುವ ಶಂಕ್ರವ್ವ ಎಚ್ಚರಿಸಿದಳು: "ಹೂಂ ಅಂದಿ ಅಂದ್ರ ಕೆಲಸ ಹೋತು ಅಂತ ತಿಳಿ. ಬಾಯಿ ಬಿಡಬ್ಯಾಡ."

ಇಜಾಬೆಲ್‌ಗೆ ತಲೆ ಚಿಟ್ಟು ಹಿಡಿಯಿತು. ಆಫ್ರಿಕಾ ಯಾವ ದಿಕ್ಕಿಗಿದೆ ಎಂಬುದೇ ಅವಳಿಗೆ ಗೊತ್ತಿಲ್ಲ, ಅದೂ ಒಂದು ಸಂಬಂಧವೇ? ಅಜ್ಜಿ ಗೋವೆಯಿಂದ ಓಡಿಬಂದವಳು. ಆಗ ಗೋವೆ ಪೋರ್ತುಗೀಜರದು, ಈಗ ನಮ್ಮದು. ಹಾಗಾದರೆ ಸತ್ತ ಅಜ್ಜಿ ಯಾವ ದೇಶದವಳು? ಆ ದೇವರೇ ಬಲ್ಲ!

ಸಾಹೇಬರು ಬಂದರು, ಮೈಸೂರು ಕಡೆಯವರು. "ಪರದೇಶದ ಸಂಬಂಧ ಏನಾದ್ರೂ ಇದೆಯೇನಮ್ಮ?"

ಗಾಬರಿಯಲ್ಲಿ ಇಜಾಬೆಲ್ ಅಂದುಬಿಟ್ಟಳು: "ನಾನ ಪರದೇಶಿ ಅದೀನ್ರಿ."

ಸಾಹೇಬರ ಪೆನ್ನು ನಿಂತಿತು. "ಯಾವ ದೇಶ?"

"ಹಳಿಯಾಳ್ರಿ."

ಶಂಕ್ರವ್ವ ಹಣೆ ಚಚ್ಚಿಕೊಂಡಳು. "ದಿಕ್ಕಿಲ್ಲದಾಕಿ ಅಂತ್ರೀ ಸಾಹೇಬ್ರ! ಹುಟ್ಟತ್ಲೆ ಅವ್ವ ಅಪ್ಪ ಹೋದ್ರು. ಅದಕ್ಕ ಪರದೇಶಿ ಅಂತೇವ್ರಿ ನಾವು."

ಸಾಹೇಬರು ನಕ್ಕರು. "ಓ, ಹಾಗೋ! ಅಂದ್ರೆ ನೆಂಟರು ಯಾರೂ ಇಲ್ಲ ಅಂತ ಬರ್ಕೊಳ್ಲಾ?"

ಹೂಂ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಇಜಾಬೆಲ್‌ಗೆ ಟಿಬೆಟಿಯನ್ ಕ್ಯಾಂಪಿನ ಮುದುಕಿ ಲಾಮೊ ನೆನಪಾದಳು. ಗಂಡ ತನ್ನನ್ನು ಬಿಟ್ಟುಹೋದಾಗ, ತುಂಬು ಬಸುರಿಯಾಗಿದ್ದ ತನ್ನನ್ನು ಕೈಹಿಡಿದು ಒಳಗೆ ಕರೆದು ಬಾಣಂತನ ಮಾಡಿದವಳು. ಬೆಣ್ಣೆ, ಉಪ್ಪು ಹಾಕಿದ ಚಹಾ ಕುಡಿಸಿದವಳು. "ಥೂ, ಚಹಾಕ್ಕ ಯಾರರ ಉಪ್ಪು ಹಾಕ್ತಾರೇನು!" ಎಂದು ಬೈಯುತ್ತಲೇ ಇಜಾಬೆಲ್ ಅದನ್ನು ಕುಡಿದಿದ್ದಳು. ಕ್ಯಾಂಪು ಇರುವುದು ಮುಂಡಗೋಡದಲ್ಲೇ, ಹಾಗಾದರೆ ಲಾಮೊ ಪರದೇಶದವಳು ಹೇಗಾದಾಳು? ಊರಿನವಳು ಅನ್ನೋಣವೆಂದರೆ ಅವಳೇ ತನ್ನ ದೇಶ ನೆನೆದು ಅಳುತ್ತಾಳೆ. ಯಾರೂ ಇಲ್ಲ ಅಂದರೆ ಅವಳ ಉಪ್ಪಿನ ಋಣ ಏನಾಯಿತು? ನೌಕರಿಯೂ ಬೇಕು, ಲಾಮೊಳೂ ಬೇಕು. ಇಜಾಬೆಲ್‌ಗೆ ಅಳುವೇ ಬಂದುಬಿಟ್ಟಿತು.

"ತಡೀರಿ. ನಾ ಪರದೇಶಿ ಅಲ್ರಿ. ನನಗ ಒಬ್ಬಾಕಿ ಅದಾಳ. ಆಕಿ ಪರದೇಶದಾಕಿ, ಟಿಬೆಟ್ಟಿನಾಕಿ."

ಶಂಕ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಮಾತ್ರ, ಹೇಳಿದರೆ ತಪ್ಪಲ್ಲ, ಮುಚ್ಚಿಟ್ಟರೆ ತಪ್ಪು ಎನ್ನುತ್ತ ಬರೆದುಕೊಂಡರು. "ಆಕೆ ನಿಮಗೇನಾಗಬೇಕು?"

ಇಜಾಬೆಲ್ ಮೂಗು ಒರೆಸಿಕೊಂಡಳು. "ತವರುಮನಿ ಅಂತ ಬರಕೊಳ್ರಿ."

ಅವಳ ಕಾಗದ ಮೇಲಕ್ಕೂ ಕೆಳಕ್ಕೂ ಅಲೆದು, ಎಲ್ಲರಿಗಿಂತ ಒಂದು ಮಳೆಗಾಲ ತಡವಾಗಿ ನೌಕರಿ ಖಾಯಂ ಆಯಿತು. ಆಮೇಲೆ ಶಂಕ್ರವ್ವ ತಮಾಷೆಗೆ "ಏ ಪರದೇಶಿ" ಎಂದು ಕರೆದಾಗಲೆಲ್ಲ ಇಜಾಬೆಲ್ ಸೆಟೆದು ನಿಲ್ಲುತ್ತಿದ್ದಳು.

"ಬಾಯಿ ಸಂಭಾಳಿಸು. ನನಗೂ ತವರ ಐತಿ, ಸಾಹೇಬ್ರ ಬರಕೊಂಡಾರ."