ಮಗು ತಾನೇ ಓದಿದ ಪುಸ್ತಕಗಳು

ನಾಲ್ಕೂವರೆಗೆ ಎದ್ದೆ. ಹಾಲು ಕಾಯಿಸಿದೆ. ದಾರಿಗೆಂದು ಇಪ್ಪತ್ತು ಇಡ್ಲಿ ಬೇಯಿಸಿ, ಕಡಲೆಕಾಯಿ ಚಟ್ನಿಯನ್ನು ಬೇರೆ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಎಮ್ಮೆಗೆ ನೀರು ತೋರಿಸುವಂತೆ ಪಕ್ಕದ ಮನೆಯವಳಿಗೆ ಹೇಳಿದೆ. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದೆ. ಮಗು, ಅದರ ಅಪ್ಪ ಅಮ್ಮ, ನಾನು, ನಮ್ಮೂರು ಕೊಂಬೈಯಿಂದ ಮೊದಲ ಬಸ್ಸು ಹತ್ತಿದೆವು, ತೇನಿಯಲ್ಲಿ ಇಳಿದು ದಿಂಡಿಗಲ್ಲಿನ ಬಸ್ಸು. ಕಣ್ಣಾಸ್ಪತ್ರೆಯಲ್ಲಿ ಮಗುವಿಗೆ ಮೂರು ಸಲ ಹನಿ ಹಾಕಿದರು, ಎರಡು ಯಂತ್ರದ ಮುಂದೆ ಕೂರಿಸಿದರು. ಡಾಕ್ಟರು ಒಳಗೆ ಕರೆದಾಗ ಎರಡು ಗಂಟೆ. ಮನೆ ಸೇರಿದ್ದು ದೀಪ ಹಚ್ಚುವ ಹೊತ್ತಿಗೆ. ಒಣಗಿದ ಬಟ್ಟೆ ತೆಗೆದು ಮಡಚಿದೆ. ಇನ್ನೊಂದು ಕೆಲಸ ಬಾಕಿ ಇತ್ತು: ಕ್ರಿಸ್‌ಮಸ್ ಪುಸ್ತಕಗಳ ಪಟ್ಟಿ.

ಎಂಟು ವರ್ಷದ ಮೊಮ್ಮಗಳ ಕಣ್ಣು ಹೋಗುತ್ತಿದೆ ಎಂದು ತಿಳಿದ ದಿನವೇ ಮಕ್ಕಳಿಗೆ ಯಾವ ಪುಸ್ತಕ ಒಳ್ಳೆಯದು ಎಂದು ಬರೆಯಲು ಕೂತೆ. ಸೋಮವಾರ ಅದು ಅಚ್ಚಿಗೆ ಹೋಗಬೇಕಿತ್ತು. ನಾನು ಹೇಳಿದ್ದರೆ ಶಾಲೆಯ ಸಿಸ್ಟರು ಈ ವರ್ಷ ಬೇಡ ಎನ್ನುತ್ತಿದ್ದರು. ನಾನು ಹೇಳಲಿಲ್ಲ.

ನಮ್ಮ ಕಣಿವೆಯಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುವ ಒಂದು ಶಾಲೆಯ ಲೈಬ್ರರಿಯನ್ನು ಹದಿನೇಳು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಇಲ್ಲ. ಆದರೆ ಡಿಸೆಂಬರ್ ಬಂದು ಚರ್ಚಿನ ಬೀದಿಯಲ್ಲಿ ಕಾಗದದ ನಕ್ಷತ್ರ ತೂಗಿದರೆ ಸಾಕು, ಅಪ್ಪ ಅಮ್ಮಂದಿರು ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಮಗುವಿಗೆ ಏನು ಕೊಡಿಸೋಣ? ಅದಕ್ಕೇ ವರ್ಷಕ್ಕೊಂದು ಪಟ್ಟಿ, ಹನ್ನೆರಡು ಪುಸ್ತಕ. ನನ್ನ ಲೆಕ್ಕ ಸುಲಭ. ಎರಡನೇ ಪುಟದೊಳಗೆ ಏನಾದರೂ ಕಳೆದುಹೋಗಬೇಕು, ಇಲ್ಲವೇ ಯಾರಾದರೂ ಬೈಸಿಕೊಳ್ಳಬೇಕು. ಬುದ್ಧಿ ಹೇಳುವ ಅಜ್ಜ ಬಂದರೆ ಮಗು ಎದ್ದು ಹೋಗುತ್ತದೆ. ಬೀಗ ಮಾಡುವವನೊಬ್ಬ ತನ್ನದೇ ಮನೆಯ ಹೊರಗೆ ಸಿಕ್ಕಿಕೊಳ್ಳುವ ಕತೆ, ರೇಷನ್ ಸಾಲಿನಲ್ಲಿ ನಿಂತ ಮೇಕೆಯ ಕತೆ, ಇಂಥವು ಎಷ್ಟು ಮಕ್ಕಳ ಕೈಯಲ್ಲಿ ನುಗ್ಗಾದರೂ ಮತ್ತೆ ಬೇಕೆನ್ನಿಸುತ್ತವೆ. ಮೂರು ವರ್ಷದಿಂದ ಪ್ರತಿ ಪುಸ್ತಕವನ್ನೂ ಮೊದಲು ಮನೆಗೆ ತಂದು ಮೊಮ್ಮಗಳಿಗೆ ಓದಿ ಹೇಳುತ್ತಿದ್ದೆ. ಆಮೇಲೆ ಅವಳು ತಾನೇ ಎತ್ತಿಕೊಂಡು ಓದಿದರೆ, ಪಟ್ಟಿಯಲ್ಲಿ ಆ ಪುಸ್ತಕದ ಕೆಳಗೆ "ಮಗು ತಾನೇ ಓದಿದ್ದು" ಎಂದು ಬರೆಯುತ್ತಿದ್ದೆ. ಜನ ನಂಬುತ್ತಿದ್ದದ್ದು ಆ ಸಾಲನ್ನೇ.

ಒಂದು ವಿಷಯ ಹೇಳಬೇಕು. ನಮ್ಮ ಮನೆಮಾತು ಕನ್ನಡ. ಎಷ್ಟು ತಲೆಮಾರಿನ ಹಿಂದೆ ಈ ತಮಿಳು ಸೀಮೆಗೆ ಬಂದೆವೋ ಯಾರಿಗೂ ತಿಳಿಯದು. ಓದು, ಬರಹ, ಅಂಗಡಿ, ಕಚೇರಿ ಎಲ್ಲವೂ ತಮಿಳು. ಕನ್ನಡ ಅಕ್ಷರವನ್ನು ನಾನು ಕಲಿತದ್ದೇ ನಲವತ್ತು ದಾಟಿದ ಮೇಲೆ, ಫೋನು ನೋಡಿಕೊಂಡು. ಲೈಬ್ರರಿಯ ಪುಸ್ತಕಗಳು ತಮಿಳಿನವು. ಅವನ್ನು ಕೈಯಲ್ಲಿ ಹಿಡಿದು, ತಮಿಳು ಸಾಲಿನ ಮೇಲೆ ಬೆರಳು ಓಡಿಸುತ್ತ, ಬಾಯಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತಿದ್ದೆ. ನಮ್ಮ ಜನರಲ್ಲಿ ಓದಿದ ಹೆಂಗಸರೆಲ್ಲ ಹೀಗೆಯೇ ಓದುವುದು. ನನ್ನ ಅಮ್ಮ ನನಗೆ ಓದಿದ್ದೂ ಹೀಗೆಯೇ.

ಹತ್ತು ದಿನದ ಹಿಂದೆ ಕ್ರಿಸ್‌ಮಸ್ ಸಭೆಗೆ ಓದುವ ಅಭ್ಯಾಸ ನಡೆಯುತ್ತಿತ್ತು. ಮೂರನೇ ತರಗತಿಯಿಂದ ನಮ್ಮ ಹುಡುಗಿ. ಮೇಕೆಯ ಪುಸ್ತಕ ಹಿಡಿದು ಮೈಕಿನ ಮುಂದೆ ನಿಂತು, ಎಡವದೆ, ತಡೆಯದೆ ಓದಿದಳು. ನಮ್ಮ ಮನೆಯ ಕನ್ನಡದಲ್ಲಿ. ಸಾಲಿನಲ್ಲಿ ಕೂತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕವು.

"ಏಮ್ಮಾ, ಪುಸ್ತಕದಲ್ಲಿ ಇರೋದನ್ನ ಓದು," ಎಂದರು ಸಿಸ್ಟರು ತಮಿಳಿನಲ್ಲಿ.

ಅವಳು ಪುಟ ತಿರುಗಿಸಿ ಹಾಗೆಯೇ ಮುಂದುವರಿದಳು.

ನಾನು ಹಿಂದಿನಿಂದ ಎದ್ದು, "ತಪ್ಪು ನಂದು ಸಿಸ್ಟರ್. ಅವಳು ಕೇಳಿದ್ದೇ ಹಂಗೆ," ಎಂದೆ.

"ಓಹೋ! ಅಜ್ಜಿ ಬಾಯಲ್ಲಿ ಮಾಡಿದ ಪುಸ್ತಕಾನ ಮೊಮ್ಮಗಳು ಅಚ್ಚು ಹಾಕಿಸಿಬಿಟ್ಟಿದ್ದಾಳೆ," ಎಂದರು ಅವರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೆ ಹೆಮ್ಮೆಯೂ ಆಯಿತು.

ಅವತ್ತು ಸಂಜೆ ಪಟ್ಟಿಗೆಂದು ತರಿಸಿದ್ದ ಹೊಸ ಪುಸ್ತಕ ಬಿಚ್ಚಿ ಅವಳ ಮಡಿಲಿಗೆ ಇಟ್ಟೆ. ಇನ್ನೂ ಯಾರೂ ಓದಿರದ ಪುಸ್ತಕ.

"ಇದ ಓದು ಕೂಸೇ."

"ನೀ ಒಂದ್ಸಲ ಓದು ಅಮ್ಮಾಯಿ. ಆಮ್ಯಾಕೆ ನಾ ಓತ್ತಿನಿ." ನಮ್ಮಲ್ಲಿ ಅಜ್ಜಿಯನ್ನು ಕರೆಯುವುದೇ ಅಮ್ಮಾಯಿ ಎಂದು.

"ಅದೇನ್ಲೇ ಕಳ್ಳಾಟ? ಮೊದ್ಲು ನೀನು."

ಅವಳು ಕಾಳು ನೋಡುವ ಕೋಳಿಯಂತೆ ಮುಖವನ್ನು ಓರೆ ಮಾಡಿದಳು. ಪುಸ್ತಕವನ್ನು ಕೆನ್ನೆಯ ಹತ್ತಿರ ತಂದಳು, ದೂರ ಹಿಡಿದಳು.

"ನಡೂಲಿ ಎಳುತ್ತು ಇಲ್ಲ ಅಮ್ಮಾಯಿ." ಅಕ್ಷರವನ್ನು ನಾವು ತಮಿಳರಂತೆ ಎಳುತ್ತು ಎನ್ನುತ್ತೇವೆ.

"ಇಲ್ಲಾಂದ್ರೆ?"

"ಎಲ್ಲಿ ನೋಡ್ತಿನೋ ಅಲ್ಲಿ ಇಲ್ಲ. ಪಕ್ಕದಾಗೆ ಐತೆ. ಪಕ್ಕಕ್ಕೆ ನೋಡುದ್ರೆ ಅಲ್ಲೂ ಹೊಂಟೋಯ್ತದೆ."

"ಯಾವತ್ತಿಂದ?"

"ಮಾವಿನ್ಕಾಯಿ ಬಂದಾಗಿಂದ."

"ಹೇಳ್ಬಾರ್ದಾ ತಾಯಿ?"

"ಎಲ್ಲಾರ್ಗೂ ಹಂಗೇ ಅಂತ ಇದ್ದೆ."

ಒಂದನೇ ತರಗತಿಯಲ್ಲಿ ಅವಳಿಗೆ ಅಕ್ಷರ ಚೆನ್ನಾಗಿ ಬಂದಿತ್ತು. ಬೀದಿಯ ಗೋಡೆಬರಹವನ್ನೆಲ್ಲ ಕೂಗಿ ಓದುತ್ತಿದ್ದಳು. ಈ ವರ್ಷ ಮಾರ್ಕು ಇಳಿದಾಗ ಆಟ ಹೆಚ್ಚಾಯಿತು ಎಂದು ಬೈದೆವು. ಮಾತಾಡುವಾಗ ನನ್ನ ಮುಖ ಬಿಟ್ಟು ಕಿವಿ ನೋಡುತ್ತಿದ್ದಳು. "ಏನ್ಲೇ, ನನ್ನ ಓಲೆ ಕದಿಯಾಕೆ ನೋಡ್ತಿಯಾ?" ಎಂದು ತಮಾಷೆ ಮಾಡುತ್ತಿದ್ದೆ. ನನ್ನ ಮುಖ ಕಾಣಬೇಕಾದರೆ ಅವಳು ನನ್ನ ಕಿವಿಯನ್ನೇ ನೋಡಬೇಕಾಗಿತ್ತು. ಒಂದು ಸಲ, ಒಂದೇ ಒಂದು ಸಲ ನಾನು ಪುಸ್ತಕದಲ್ಲಿ ಇದ್ದ ಹಾಗೆ ಓದಿ, ಅವಳ ಬಾಯಲ್ಲಿ ಬಂದದ್ದನ್ನು ಅಚ್ಚಿನ ಜೊತೆ ಹೋಲಿಸಿದ್ದರೆ ಆಗಲೇ ತಿಳಿಯುತ್ತಿತ್ತು. ಅವಳು ನನ್ನ ಮಾತನ್ನು ನನಗೇ ಒಪ್ಪಿಸುತ್ತಿದ್ದಳು. ನಾನು ಅದನ್ನು ಓದು ಎಂದು ಬರೆದು, ಊರಿಗೆಲ್ಲ ಹಂಚಿದೆ.

ದಿಂಡಿಗಲ್ಲಿನ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಕಣ್ಣಿನ ಹಿಂದಿನ ಪರದೆ ನಡುವಿನಿಂದ ಸವೆಯುತ್ತಿದೆ ಎಂದರು. ಸುತ್ತಲಿನ ನೋಟ ಉಳಿಯಬಹುದು, ನಡೆದಾಡುತ್ತಾಳೆ. ಆದರೆ ಓದುವ ನೋಟ ಹೋಗುತ್ತದೆ. ಎರಡು ವರ್ಷವೋ, ಇನ್ನೂ ಬೇಗವೋ, ಹೇಳಲಾಗದು. ಔಷಧಿ ಇಲ್ಲ.

"ನುಗ್ಗೆ ಸೊಪ್ಪು ಕೊಟ್ರೆ ಡಾಕ್ಟರೇ?" ಎಂದು ಕೇಳಿದ ಮಗುವಿನ ಅಪ್ಪ.

"ಕೊಡಿ, ಒಳ್ಳೇದೇ. ಇದಕ್ಕಲ್ಲ."

ಆಮೇಲೆ ಅವರು ಪೆನ್ನು ಎತ್ತಿ, "ಸೊಂತದಲ್ಲೇ, ನೆಂಟರಲ್ಲೇ ಮದುವೆಯಾ?" ಎಂದರು.

ನನ್ನ ಮಗಳು, "ತಾಯಿಮಾಮ," ಎಂದಳು. ನನ್ನ ಕಡೆ ನೋಡಲಿಲ್ಲ. ಅವಳನ್ನು ನನ್ನ ಸ್ವಂತ ತಮ್ಮನಿಗೇ ಕೊಟ್ಟಿದ್ದೇನೆ. ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಬೈದಿದ್ದರೆ ಏನಾದರೂ ಉತ್ತರ ಹೇಳಬಹುದಿತ್ತು.

ವಾಪಸ್ಸು ಬರುವಾಗ ಮಗು ಅಪ್ಪನ ತೊಡೆಯ ಮೇಲೆ ಒರಗಿತ್ತು. ಬತ್ಲಗುಂಡು ದಾಟಿದ ಮೇಲೆ ಮಗಳು ಬಾಯಿ ಬಿಟ್ಟಳು.

"ನಾ ಅವತ್ತೇ ಬ್ಯಾಡ ಅಂದಿದ್ದೆ ಅಲ್ವಾ ಅವ್ವಾ?"

ಹೌದು, ಅಂದಿದ್ದಳು. ಹಿಟ್ಟು ರುಬ್ಬುತ್ತಿದ್ದಾಗ. ಮಾಮನನ್ನ ಮಾಮ ಅಂತಲೇ ನೋಡಿದೀನಿ ಅಂದಿದ್ದಳು. ಹೊರಗೆ ಕೊಟ್ಟರೆ ನಿನ್ನ ಮಕ್ಕಳ ಹತ್ರ ನಮ್ಮ ಮಾತು ಆಡೋರು ಯಾರೇ ಅಂದಿದ್ದೆ ನಾನು. ಆ ಉತ್ತರ ಅವಳಿಗೂ ನೆನಪಿತ್ತು. ತೇನಿ ಬರುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡಿದೆವು.

ಪಟ್ಟಿ ಬರೆಯಲು ಕೂತಾಗ ಮಗು ಪಕ್ಕದಲ್ಲಿತ್ತು. ಅವಳಿಗೆ ಹೆಸರು ಬೇಡ, ಕತೆ ಸಾಕು. "ಮೇಕೆದು ಹಾಕು. ಬೀಗದ್ದು ಹಾಕು. ಆ ಅಳಮೂಂಜಿ ರಾಜಕುಮಾರಿದು ಬ್ಯಾಡ, ಬರೀ ಅಳ್ತಾಳೆ," ಎಂದಳು. ಅವಳು ಹೇಳಿದಂತೆ ಹನ್ನೊಂದು ಬರೆದೆ. ಯಾವುದರ ಕೆಳಗೂ ಹಳೆಯ ಸಾಲು ಹಾಕಲಿಲ್ಲ. ಬದಲಿಗೆ, "ಜೋರಾಗಿ ಓದಿ ಹೇಳಿ. ಆಮೇಲೆ ಮಗುವಿನ ಕೈಗೆ ಕೊಟ್ಟು, ಹೊಸ ಪುಟವೊಂದನ್ನು ಓದಿಸಿ ನೋಡಿ," ಎಂದು ಬರೆದೆ. ಹನ್ನೆರಡನೆಯದಾಗಿ ಒಂದೂ ಅಕ್ಷರವಿಲ್ಲದ ಚಿತ್ರಗಳ ಪುಸ್ತಕ ತೆಗೆದೆ. ಮಳೆಗಾಲದ ಕೆರೆ, ಪುಟದ ಉದ್ದಕ್ಕೂ ಹಸಿರು, ಅಂಚಿನಲ್ಲಿ ಕೆಂಪು ಕಾಲಿನ ಹಕ್ಕಿ. ನಮ್ಮ ಲೈಬ್ರರಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಓದಲು ಏನೂ ಇಲ್ಲವಲ್ಲ ಎನ್ನುತ್ತಾರೆ. ಅದನ್ನು ಪಟ್ಟಿಯ ಮೊದಲಿಗೆ ಏರಿಸಿದೆ.

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇರೋ ಕಣ್ಣ ಬೊಂಬೆ ನೋಡಾಕೆ ಕಳೀತಿಯಾ? ಎಳುತ್ತ ಓದ್ಸು. ನಾಕು ಎಳುತ್ತಾದ್ರೂ ಕಂಡ್ಕಳ್ಳಿ."

"ಎಳುತ್ತ ನಾ ಓದಿ ಹೇಳ್ಬೋದು. ಈ ಹಸುರ ಹೆಂಗೆ ಹೇಳ್ಳಿ?"

"ನೀ ಓದಿ ಹೇಳಿದ್ದು ಸಾಕು," ಎಂದಳು.

ಮಗು ಪುಸ್ತಕವನ್ನು ಓರೆಯಾಗಿ ಹಿಡಿದು ಹಕ್ಕಿಯ ಕಾಲು ಎಣಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮಗಳು ಬಂದು ಇನ್ನೊಂದು ಪಕ್ಕ ಕೂತಳು, ದೀಪದ ಬೆಳಕು ಪುಟದ ಮೇಲೆ ಬೀಳುವಂತೆ ಮಗುವಿನ ಮೊಣಕಾಲನ್ನು ಸರಿಸಿದಳು.

ರಾತ್ರಿ ಉಳಿದ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಹಾಕಿದೆ. ನುಗ್ಗೆ ಸೊಪ್ಪಿನ ಪಲ್ಯವನ್ನೂ ಮಾಡಿದೆ, ತಮ್ಮ ಆಗಲೇ ಸೊಪ್ಪು ಬಿಡಿಸಿ ಇಟ್ಟಿದ್ದ. ಮಗು ಎರಡು ಸಲ ಹಾಕಿಸಿಕೊಂಡಿತು. ಮಗಳು ಬರೀ ಮಜ್ಜಿಗೆ ಕುಡಿದಳು. ಮೊದಲು ನಿದ್ದೆ ಹೋದದ್ದು ತಮ್ಮ, ಕೂತಲ್ಲೇ, ಗೋಡೆಗೆ ಒರಗಿ. ಆಮೇಲೆ ಮಗು.