ನಿಂತವನ ಮಿಸಳ್

ಬೆಳಿಗ್ಗೆ ಓಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಟ್ಟೆಕಿಚ್ಚೆಂದು ತಿಳಿಯಬೇಡಿ, ನಾನೂ ಒಂದು ಕಾಲಕ್ಕೆ ಓಡಿದವನೇ. ಓಟವೆನ್ನುವುದು ದೊಡ್ಡ ಮಾತಾಯಿತು. ಹಿಂದಿನಿಂದ ನೋಡಿದವರು ಪಾಪ, ಬಸ್ಸು ತಪ್ಪಿದೆ ಎಂದು ಮರುಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಮಗ್ಗಗಳ ಊರಾದ ಇಚಲಕರಂಜಿಯ ನಾವೈದು ಜನ, ನಲವತ್ತು ದಾಟಿದವರು, ಪಂಚಗಂಗಾ ನದಿಯ ಸೇತುವೆಯವರೆಗೆ ಓಡುತ್ತಿದ್ದೆವು. ನಡುವೆ ನಿಂತವನು ಅಂದು ಎಲ್ಲರಿಗೂ ಹೋಟೆಲಿನಲ್ಲಿ ಮಿಸಳ್, ಅಂದರೆ ಉಳ್ಳಾಗಡ್ಡಿ ಉದುರಿಸಿದ ಖಾರದ ಕಾಳಿನ ರಸ, ತಿನ್ನಿಸಬೇಕೆಂಬುದು ನಮ್ಮ ಕಟ್ಟಳೆ. ದಂಡ ಸಣ್ಣದೇ, ಆದರೆ ತಿನ್ನುವಷ್ಟು ಹೊತ್ತೂ ಅವನನ್ನು ಆಡಿಕೊಳ್ಳುತ್ತಿದ್ದರು. ಹೀಗಾಗಿ ಯಾರೂ ನಿಲ್ಲುತ್ತಿರಲಿಲ್ಲ. ಹಿಮ್ಮಡಿ ನೊಂದರೂ, ಮೊಣಕಾಲು ಊದಿದರೂ ಒಂದೇ ಮದ್ದು: "ಓಡ್ರಿ, ಓಡಿದ್ರ ತಾನ ಸಡಿಲ ಆಗ್ತೈತಿ."

ಇವರಲ್ಲಿ ಮೂವರು ಮಗ್ಗದ ಮಾಲೀಕರು. ಮಗ್ಗದಲ್ಲಿ ಒಂದು ಎಳೆ ಹರಿದರೂ ನಿಲ್ಲಿಸಿ, ಗಂಟು ಹಾಕಿಯೇ ಮುಂದುವರಿಯಬೇಕು. ಇಲ್ಲವಾದರೆ ಬಟ್ಟೆ ಕೆಟ್ಟಿತು. ನಿಲ್ಲಿಸದ ಕೆಲಸಗಾರನಿಗೆ ಇವರು ಬೈಯುವುದು ಓಣಿಯ ತುದಿಗೂ ಕೇಳುತ್ತಿತ್ತು. ಇದೇ ಮಹಾಶಯರು ಸ್ವಂತ ಕಾಲನ್ನು ಬಾಡಿಗೆ ಸೈಕಲ್ಲಿನಂತೆ ಓಡಿಸುತ್ತಿದ್ದರು!

ಆ ಮೂವರಲ್ಲೊಬ್ಬ ಅಪ್ಪಾಸಾಹೇಬ, ನನ್ನ ಬಾಲ್ಯದ ಗೆಳೆಯ. ಅವನು ಓಡಲು ಶುರುಮಾಡಿದ್ದು ತನ್ನ ಅವ್ವನಿಗಾಗಿ. ಮಗನ ಕೈಹಿಡಿದು ನಮ್ಮೂರ ಹತ್ತಿರದ ಬಾಹುಬಲಿಯ ಬೆಟ್ಟ ಹತ್ತಬೇಕೆಂದು ಆಕೆಗೆ ಬಹುದಿನದ ಆಸೆ. ಮಗನಿಗೋ ಮನೆಯ ಮಾಳಿಗೆ ಹತ್ತಿದರೇ ಏದುಸಿರು. ಓಡಿ ಓಡಿ ಏದುಸಿರೇನೋ ಹೋಯಿತು, ಮೊಣಕಾಲ ಕೆಳಗೆ ಎಲುಬು ನೋಯತೊಡಗಿತು.

"ಸ್ವಲ್ಪ ದಿನ ಸುಮ್ನ ಕೂಡೋ," ಎಂದೆ.

"ಮಿಸಳ್ ನಿಮ್ಮಪ್ಪ ತಿನ್ನಸ್ತಾನೇನು?" ಎಂದ.

ಬೆಟ್ಟಕ್ಕೆ ಹೊರಡಬೇಕಾದ ವಾರವೇ ಸೇತುವೆಯ ಹತ್ತಿರ ಕುಸಿದ. ಎಲುಬು ಬಿರುಕು ಬಿಟ್ಟಿತ್ತು. ಕಾಲಿಗೆ ಪ್ಲಾಸ್ಟರು ಬಿತ್ತು.

ನೋಡಲು ಹೋದ ನಮ್ಮ ಮಂಡಳಿ ಅವನ ಮಂಚದ ಸುತ್ತ ಕುಳಿತು ಏನು ಚರ್ಚಿಸಿತು ಗೊತ್ತೇ? ಆ ದಿನದ ಮಿಸಳ್ ಯಾರದೆಂದು. "ನಾ ಎಲ್ಲಿ ನಿಂತೇನ್ರಿ? ಬಿದ್ದೇನಿ," ಎಂದು ಅವನ ವಾದ. "ಹೌದ್ರಿ, ಹೌದ್ರಿ," ಎಂದು ಉಳಿದವರು ತಲೆಯಾಡಿಸಿದರು. ನಾಲ್ವರ ಕಿವಿಯನ್ನೂ ಹಿಂಡಬೇಕೆನಿಸಿತು.

ಅವ್ವನನ್ನು ಬೆಟ್ಟಕ್ಕೆ ಕೊನೆಗೆ ನಾನೇ ಕರೆದೊಯ್ದೆ. ಆಕೆ ನಾಲ್ಕು ಮೆಟ್ಟಿಲು ಹತ್ತುವಳು, ಕೂರುವಳು, ಮೊಣಕಾಲು ತಿಕ್ಕಿಕೊಂಡು ಮತ್ತೆ ಏಳುವಳು. ಮೇಲೆ ತಲುಪಿ ಕೈಮುಗಿದು, "ನಮ್ಮ ಅಪ್ಪಾಸಾಹೇಬ ಬರಬೇಕಿತ್ತಲ್ಲೋ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆಳೆಯನ ಮೇಲೆ ಅಂದು ಬಂದಷ್ಟು ಸಿಟ್ಟು ನನಗೆ ಎಂದೂ ಬಂದಿಲ್ಲ.

ಇಳಿದು ಬಂದವನೇ ಬೈಯಬೇಕೆಂದು ನೇರ ಅವನಲ್ಲಿಗೆ ಹೋದೆ. "ಅವ್ವ ಹೆಂಗ ಹತ್ತಿದ್ಳೋ?" ಎಂದು ಅವನೇ ಕೇಳಿದ.

"ಕುಂತು ಕುಂತು."

ಪ್ಲಾಸ್ಟರನ್ನು ಬೆರಳಿನಿಂದ ಕುಟ್ಟಿದ. "ಒಂದ್ ಮಿಸಳ್‌ಗೆ ಅಂಜಿ ಅವ್ವನ ಕೈ ಬಿಟ್ನೆಲ್ಲೋ," ಎಂದ. ನನ್ನ ಬೈಗುಳಕ್ಕೆ ಕೆಲಸವೇ ಉಳಿಯಲಿಲ್ಲ.

ಮರುದಿನ ಓಡುವಾಗ ನನ್ನ ಮೀನಖಂಡ ಹಿಡಿಯಿತು. ನಿಂತುಬಿಟ್ಟೆ. ನೋಡಿ ನಕ್ಕ ಮೂವರನ್ನೂ ಅಪ್ಪಾಸಾಹೇಬನ ಮನೆಗೇ ಎಳೆದುಕೊಂಡು ಹೋದೆ. ಹೋಟೆಲಿನಿಂದ ತರಿಸೋಣವೆಂದರೆ ಉಳ್ಳಾಗಡ್ಡಿ ಆ ಜೈನರ ಮನೆಯ ಹೊಸ್ತಿಲು ದಾಟುವಂತಿಲ್ಲ. ಅವ್ವ ತಾನೇ ಅದಿಲ್ಲದ ಮಿಸಳ್ ಮಾಡಿದಳು. ಸಂಗತಿ ಕೇಳಿ ತಿಳಿದುಕೊಂಡು, ಚಾಚಿದ ನಾಲ್ಕು ತಟ್ಟೆಗಳನ್ನು ದಾಟಿ ನನ್ನ ಹತ್ತಿರ ಬಂದಳು.

"ನಿಂತಾವ ಮೊದ್ಲ ತಿನ್ಲಿ."